ಗುಂಪಾಗಿ ನಕ್ಷೆ ಬರೆದು ಜಟಿಲ ಸಮಸ್ಯೆಯನ್ನು ಅರಿಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ನಕ್ಷೆ ಎಂದರೆ ಯಾವ ನಕ್ಷೆ?

ಇಲ್ಲಿ ಬರೆಯುವುದು ಕಾರಣಗಳ ನಕ್ಷೆಯನ್ನು. ಒಂದು ಸಮಸ್ಯೆಯ ಬೇರೆ ಬೇರೆ ಮಗ್ಗುಲುಗಳನ್ನು ದಿನವೂ ಕಾಣುವ ಕೆಲವರು ಒಂದು ದೊಡ್ಡ ಹಾಳೆಯ ಮುಂದೆ ಕೂಡುತ್ತಾರೆ. ಆ ಸಮಸ್ಯೆಯಲ್ಲಿ ಯಾವ ಯಾವ ಸಂಗತಿಗಳು ಹೆಣೆದುಕೊಂಡಿವೆ, ಯಾವುದು ಹೆಚ್ಚಿದರೆ ಯಾವುದು ಹೆಚ್ಚುತ್ತದೆ, ಯಾವುದು ತಗ್ಗುತ್ತದೆ ಎಂಬುದನ್ನು ಪದಗಳಿಂದಲೂ ಬಾಣಗಳಿಂದಲೂ ಗುರುತಿಸುತ್ತ ಹೋಗುತ್ತಾರೆ. ನೆಲದ ಮೇಲೆ ಅಥವಾ ಕಾಗದದ ಮೇಲೆ ಜನರೇ ತಮ್ಮ ನೀರು, ದಾರಿ, ಹೊಲಗಳನ್ನು ಚಿತ್ರಿಸುವ ಸಹಭಾಗಿ ನಕ್ಷೆಯೂ ಇದರ ಹತ್ತಿರದ ಬಂಧುವೇ ಆದರೂ ಈ ಪುಟದ ಮಾತು ಅದನ್ನು ಕುರಿತದ್ದಲ್ಲ.

ಎಂಥ ಸಮಸ್ಯೆಗೆ ಇದು ತಕ್ಕದ್ದು?

ವಿನ್ಯಾಸ ಮತ್ತು ಯೋಜನೆಯ ವಿದ್ವಾಂಸರಾದ ಹಾರ್ಸ್ಟ್ ರಿಟೆಲ್ ಮತ್ತು ಮೆಲ್ವಿನ್ ವೆಬರ್ 1973ರ ತಮ್ಮ ಪ್ರಬಂಧದಲ್ಲಿ ಸಮಸ್ಯೆಗಳನ್ನು ಎರಡು ಬಗೆಯಾಗಿ ನೋಡಿದರು. ಮೊದಲನೆಯದು ಪಳಗಿದ ಸಮಸ್ಯೆ. ಗಣಿತದ ಲೆಕ್ಕದಂತೆ ಅದರ ಸ್ವರೂಪ ಖಚಿತವಾಗಿರುತ್ತದೆ, ಬಗೆಹರಿಯಿತೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಎರಡನೆಯದನ್ನು ಕನ್ನಡದಲ್ಲಿ ಪಳಗದ ಸಮಸ್ಯೆ ಎನ್ನಬಹುದು. ಅದನ್ನು ಹೇಗೆ ವಿವರಿಸಬೇಕೆಂಬುದರಲ್ಲೇ ಒಮ್ಮತವಿರುವುದಿಲ್ಲ, ಮುಗಿಯಿತು ಎನ್ನುವ ಗೆರೆ ಇರುವುದಿಲ್ಲ, ಪರಿಹಾರವನ್ನು ಸರಿ ಅಥವಾ ತಪ್ಪು ಎನ್ನಲಾಗದೆ ಮೇಲು ಅಥವಾ ಕೀಳು ಎಂದಷ್ಟೇ ಅಳೆಯಬೇಕಾಗುತ್ತದೆ, ಮತ್ತು ಒಂದೊಂದು ಸಮಸ್ಯೆಯೂ ಇನ್ನೊಂದರ ಲಕ್ಷಣವಾಗಿ ಕಾಣಬಲ್ಲದು. ಬಡತನ, ನಗರದ ಸಂಚಾರ, ಶಾಲೆ ಬಿಡುವ ಮಕ್ಕಳು, ಒಂದೇ ಸಂಸ್ಥೆಯಿಂದ ನೌಕರರು ಮತ್ತೆ ಮತ್ತೆ ಹೊರಟುಹೋಗುವುದು, ಇವೆಲ್ಲ ಈ ಎರಡನೆಯ ಜಾತಿಯವು.

ಕೆಟ್ಟ ಪಂಪನ್ನು ರಿಪೇರಿ ಮಾಡುವುದಕ್ಕೆ ನಕ್ಷೆಯ ಸಭೆ ಕರೆಯಬೇಕಾಗಿಲ್ಲ. ಹಾಗೆಯೇ ನಿರ್ಧಾರವನ್ನು ಆಗಲೇ ಕೈಗೊಂಡು, ಅದಕ್ಕೆ ಎಲ್ಲರ ಒಪ್ಪಿಗೆಯ ಮುದ್ರೆ ಒತ್ತಿಸಿಕೊಳ್ಳುವ ಸಲುವಾಗಿ ಈ ಅಭ್ಯಾಸವನ್ನು ಬಳಸುವುದೂ ಸಲ್ಲದು. ಕರೆಸಿಕೊಂಡವರಿಗೆ ಅದು ಅರ್ಧ ಗಂಟೆಯೊಳಗೆ ಗೊತ್ತಾಗುತ್ತದೆ, ಮುಂದಿನ ಸಲ ಅವರು ಬಂದರೂ ಮನಬಿಚ್ಚಿ ಮಾತಾಡುವುದಿಲ್ಲ.

ಕೂತು ಚರ್ಚಿಸಿದರೆ ಸಾಲದೆ? ಬರೆಯುವ ಶ್ರಮವೇಕೆ?

ಮಾತು ಒಂದಾದ ಮೇಲೊಂದು ಬರುತ್ತದೆ, ಆದರೆ ಕಾರಣಗಳು ಹಾಗೆ ಸಾಲಾಗಿ ನಿಂತಿರುವುದಿಲ್ಲ. ಮನಸ್ಸು ಒಂದೇ ಹೊತ್ತಿಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಏಳರ ಆಸುಪಾಸು ಎಂದು ಮನಶ್ಶಾಸ್ತ್ರಜ್ಞ ಜಾರ್ಜ್ ಮಿಲ್ಲರ್ 1956ರಲ್ಲಿ ಹೇಳಿದ್ದರು. ನೆಲ್ಸನ್ ಕೌವನ್ 2001ರಲ್ಲಿ ಅದನ್ನು ನಾಲ್ಕರ ಆಸುಪಾಸಿಗೆ ಇಳಿಸಿದರು. ಇಪ್ಪತ್ತು ಸಂಗತಿಗಳು ಒಂದನ್ನೊಂದು ಎಳೆದಾಡುವ ಸಮಸ್ಯೆಯನ್ನು ಬರೀ ಮಾತಿನಲ್ಲಿ ಚರ್ಚಿಸಿದಾಗ ಪ್ರತಿಯೊಬ್ಬರೂ ತಮಗೆ ಹತ್ತಿರದ ಮೂರು ನಾಲ್ಕು ಸಂಗತಿಗಳನ್ನೇ ಸಮಸ್ಯೆ ಎಂದು ತಿಳಿದು ವಾದಿಸುತ್ತಾರೆ. ಎಲ್ಲರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಇರುತ್ತಾರೆ, ಆದ್ದರಿಂದಲೇ ಜಗಳ ಹರಿಯುವುದಿಲ್ಲ.

ಹಾಳೆಯ ಮೇಲೆ ಬರೆದದ್ದು ಯಾರೂ ಮರೆಯಲಾಗದಂತೆ ಕಣ್ಣೆದುರಿಗಿರುತ್ತದೆ. ಇನ್ನೊಂದು ಲಾಭವೂ ಉಂಟು, ನನ್ನ ಮಟ್ಟಿಗೆ ಅದೇ ಹಿರಿದು. ಆಕ್ಷೇಪವು ಮಾತು ಆಡಿದವರ ಮೇಲೆ ಹೋಗದೆ ಗೋಡೆಯ ಮೇಲಿನ ಬಾಣದ ಮೇಲೆ ಹೋಗುತ್ತದೆ. “ನಿಮ್ಮ ಮಾತು ತಪ್ಪು” ಎನ್ನಲು ಹಿಂಜರಿಯುವವರು “ಈ ಬಾಣ ಉಲ್ಟಾ ಇರಬೇಕಲ್ಲವೆ?” ಎಂದು ಸಲೀಸಾಗಿ ಕೇಳುತ್ತಾರೆ.

ಇಂಥ ನಕ್ಷೆಗಳಲ್ಲಿ ಎಷ್ಟು ಬಗೆ? ನಾವು ಯಾವುದನ್ನು ಆರಿಸಿಕೊಳ್ಳಬೇಕು?

ಬಗೆಗಳು ಹಲವು, ಅವುಗಳ ಮೂಲಗಳೂ ಬೇರೆ ಬೇರೆ. ಜಪಾನಿನ ಮಾನವಶಾಸ್ತ್ರಜ್ಞ ಜಿರೊ ಕವಾಕಿಟಾ ರೂಪಿಸಿದ ಕೆಜೆ ವಿಧಾನದಲ್ಲಿ ಚೀಟಿಗಳ ಮೇಲೆ ಬರೆದ ಅನಿಸಿಕೆಗಳನ್ನು ಹೋಲಿಕೆಯ ಮೇಲೆ ಗುಂಪುಗೂಡಿಸುತ್ತಾರೆ. ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಚೆಕ್ಲೆಂಡ್ ಮತ್ತು ಸಂಗಡಿಗರು ಬೆಳೆಸಿದ ಪದ್ಧತಿಯಲ್ಲಿ ಸಮೃದ್ಧ ಚಿತ್ರ ಎಂಬುದೊಂದಿದೆ. ಅದರಲ್ಲಿ ಜನ, ಕಚೇರಿ, ಅಸಮಾಧಾನ, ಅನುಮಾನಗಳನ್ನೆಲ್ಲ ಮಕ್ಕಳ ಚಿತ್ರದ ಹಾಗೆ ಒರಟಾಗಿ ಬಿಡಿಸುತ್ತಾರೆ. ಚಿತ್ರ ಚೆನ್ನಾಗಿರಬೇಕೆಂಬ ನಿಯಮವಿಲ್ಲ, ಚೆನ್ನಾಗಿಲ್ಲದಿದ್ದರೇ ಮೇಲು. ಕಾಲಿನ್ ಈಡನ್ ಮತ್ತು ಫ್ರಾನ್ ಆ್ಯಕರ್‌ಮನ್ ಅವರ ಚಿಂತನ ನಕ್ಷೆ ಒಬ್ಬೊಬ್ಬರ ತರ್ಕವನ್ನು ಅವರವರ ಮಾತಿನಲ್ಲೇ ಹಿಡಿದು, ಆಮೇಲೆ ಒಟ್ಟಿಗೆ ಹೆಣೆಯುತ್ತದೆ. ಎಂಐಟಿಯಲ್ಲಿ ಜೇ ಫಾರೆಸ್ಟರ್ 1950ರ ದಶಕದಲ್ಲಿ ಕಟ್ಟಲಾರಂಭಿಸಿದ ವ್ಯವಸ್ಥಾ ಚಲನಶಾಸ್ತ್ರದ, ಅಂದರೆ ಒಂದು ವ್ಯವಸ್ಥೆ ಕಾಲಕ್ರಮದಲ್ಲಿ ಹೇಗೆ ಬದಲಾಗುತ್ತದೆ ಎಂಬುದರ ಅಧ್ಯಯನದ, ಪರಂಪರೆಯಿಂದ ಕಾರಣಗಳ ಸುತ್ತು ನಕ್ಷೆ ಬಂದಿದೆ. ಕಾರಣದಿಂದ ಹೊರಟ ಬಾಣಗಳು ಸುತ್ತಿ ಬಂದು ಅದೇ ಕಾರಣವನ್ನು ಮುಟ್ಟುವುದನ್ನು ಅದು ತೋರಿಸುತ್ತದೆ.

ಸಮಸ್ಯೆ ಇನ್ನೂ ಮಬ್ಬಾಗಿದ್ದು ಮನಸ್ಸುಗಳು ಕಹಿಯಾಗಿದ್ದರೆ ಸಮೃದ್ಧ ಚಿತ್ರದಿಂದ ಶುರುಮಾಡಿ. “ಎಷ್ಟು ಸಲ ಸರಿಪಡಿಸಿದರೂ ಇದು ಮತ್ತೆ ತಲೆಯೆತ್ತುತ್ತದೆ” ಎಂಬ ದೂರು ಕೇಳಿಬರುತ್ತಿದ್ದರೆ ಕಾರಣಗಳ ಸುತ್ತು ನಕ್ಷೆಯೇ ಬೇಕು. ಮೀನಿನ ಮುಳ್ಳಿನ ಆಕಾರದ ಇಶಿಕಾವಾ ಚಿತ್ರ ಬಹು ಜನಪ್ರಿಯವಾದದ್ದು, ಕಾರ್ಖಾನೆಯ ದೋಷ ಹುಡುಕಲು ಒಳ್ಳೆಯದೂ ಹೌದು. ಆದರೆ ಅದರಲ್ಲಿ ಎಲ್ಲ ಮುಳ್ಳುಗಳೂ ತಲೆಯ ಕಡೆಗೇ ಹೋಗುತ್ತವೆ. ಪರಿಣಾಮವೇ ತಿರುಗಿ ಕಾರಣವನ್ನು ಬೆಳೆಸುವುದನ್ನು ಅದರಲ್ಲಿ ತೋರಿಸಲು ಜಾಗವಿಲ್ಲ. ಈ ಪುಟದ ಮುಂದಿನ ಉತ್ತರಗಳು ಬಹುಮಟ್ಟಿಗೆ ಸುತ್ತು ನಕ್ಷೆಯನ್ನೇ ಕುರಿತವು.

ಯಾರನ್ನು ಕರೆಯಬೇಕು? ಎಷ್ಟು ಜನ?

ಆರರಿಂದ ಹನ್ನೆರಡು ಜನ ಒಂದು ಹಾಳೆಗೆ ಸಾಕು. ಅದಕ್ಕಿಂತ ಹೆಚ್ಚಾದರೆ ಎರಡು ಗುಂಪು ಮಾಡಿ ಎರಡು ನಕ್ಷೆ ಬರೆಸಿ, ಕೊನೆಗೆ ಎದುರುಬದುರು ಇಡಿ. ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಒಳ್ಳೆಯ ಚರ್ಚೆ ಹುಟ್ಟುತ್ತದೆ.

ಯಾರು ಎಂಬುದು ಎಷ್ಟು ಎಂಬುದಕ್ಕಿಂತ ಕಷ್ಟದ ಪ್ರಶ್ನೆ. ಕೋಣೆಯಲ್ಲಿ ಇಲ್ಲದವರ ಕಾರಣಗಳು ನಕ್ಷೆಯಲ್ಲಿ ಬರುವುದಿಲ್ಲ, ಬಂದರೂ ಅವರ ಸೋಮಾರಿತನ, ಅವರ ಅಜ್ಞಾನ ಎಂಬ ರೂಪದಲ್ಲಿ ಬರುತ್ತವೆ. ಹಾಳೆಯ ಮೇಲೆ ಯಾವುದಾದರೂ ಒಂದು ವರ್ಗದ ಜನರ ಸ್ವಭಾವವೇ ಕಾರಣವೆಂದು ಬರೆದಿದ್ದರೆ, ಆ ವರ್ಗದವರು ಯಾರೂ ಸಭೆಯಲ್ಲಿಲ್ಲ ಎಂದು ತಿಳಿಯಬಹುದು. ಅವರನ್ನು ಕರೆಸುವುದಾಗದಿದ್ದರೆ ಮುಂಚೆಯೇ ಭೇಟಿಮಾಡಿ ಅವರ ಮಾತನ್ನು ಚೀಟಿಗಳಾಗಿ ತಂದಿಡುವುದು ಎರಡನೆಯ ದರ್ಜೆಯ ಪರಿಹಾರ.

ಸಭೆ ಹೇಗೆ ನಡೆಯುತ್ತದೆ? ಒಂದು ಉದಾಹರಣೆ ಕೊಡಬಹುದೆ?

ಒಂದು ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್‌ಗಳು ನಿಲ್ಲುತ್ತಿಲ್ಲ ಎಂದುಕೊಳ್ಳೋಣ. ನರ್ಸ್‌ಗಳು, ವೈದ್ಯರು, ನೇಮಕಾತಿ ವಿಭಾಗದವರು, ಲೆಕ್ಕಪತ್ರದವರು, ರೋಗಿಗಳ ಕಡೆಯವರೊಬ್ಬರು ಕೂಡಿದ್ದಾರೆ. ಅರ್ಧ ದಿನ ಕೈಯಲ್ಲಿದೆ. ದೊಡ್ಡ ಹಾಳೆ, ಅಂಟುಚೀಟಿಗಳು, ಮಾರ್ಕರ್ ಪೆನ್ನು, ಇಷ್ಟೇ ಸಾಮಗ್ರಿ.

ಮೊದಲು ಬಾಣ ಬೇಡ, ರೇಖೆ ಬರೆಸಿ. ಕಳೆದ ಕೆಲವು ವರ್ಷಗಳಲ್ಲಿ ಕೆಲಸ ಬಿಟ್ಟವರ ಸಂಖ್ಯೆ ಹೇಗೆ ಏರಿತು ಅಥವಾ ಇಳಿಯಿತು ಎಂದು ಪ್ರತಿಯೊಬ್ಬರೂ ತಮಗೆ ತೋರಿದಂತೆ ಒಂದು ಗೆರೆ ಎಳೆಯಲಿ. ಒಬ್ಬರ ಗೆರೆ ನಿಧಾನವಾಗಿ ಏರಿದ್ದರೆ ಇನ್ನೊಬ್ಬರದು ಒಂದು ವರ್ಷದಲ್ಲಿ ಥಟ್ಟನೆ ಜಿಗಿದಿರುತ್ತದೆ. ಇಬ್ಬರೂ ಒಂದೇ ಸಮಸ್ಯೆಯ ಹೆಸರು ಹೇಳುತ್ತ ಎರಡು ಸಮಸ್ಯೆಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರು ಎಂಬುದು ಅಲ್ಲೇ ಬಯಲಾಗುತ್ತದೆ. ಈ ಹೆಜ್ಜೆಯನ್ನು ಸಮಯದ ಅಭಾವವೆಂದು ಬಿಟ್ಟುಬಿಡುವವರೇ ಹೆಚ್ಚು. ನಾನೂ ಒಮ್ಮೆ ಬಿಟ್ಟು, ಎರಡು ಗಂಟೆಯ ನಂತರ ಮೊದಲಿನಿಂದ ಶುರುಮಾಡಬೇಕಾಯಿತು.

ಆಮೇಲೆ ಹತ್ತು ನಿಮಿಷ ಮೌನ. ಪ್ರತಿಯೊಬ್ಬರೂ ತಮಗೆ ತೋಚಿದ ಸಂಗತಿಗಳನ್ನು, ಒಂದು ಚೀಟಿಗೆ ಒಂದರಂತೆ, ಒಬ್ಬರೇ ಬರೆಯಬೇಕು. ಮೌನಕ್ಕೆ ಕಾರಣವಿದೆ. ಗುಂಪಿನಲ್ಲಿ ಸರದಿಗಾಗಿ ಕಾಯುತ್ತ ಕೂತವರ ಆಲೋಚನೆಗಳು ಕಾಯುವುದರಲ್ಲೇ ಕಳೆದುಹೋಗುತ್ತವೆ ಎಂಬುದನ್ನು ಮೈಕೆಲ್ ಡೀಲ್ ಮತ್ತು ವೋಲ್ಫ್‌ಗ್ಯಾಂಗ್ ಸ್ಟ್ರೋಬೆ 1987ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಒಬ್ಬೊಬ್ಬರೇ ಬರೆದು ನಂತರ ಕೂಡಿಸಿದರೆ ಹೆಚ್ಚು ಸಂಗತಿಗಳು ಸಿಗುತ್ತವೆ, ಮೊದಲು ಮಾತಾಡಿದವರ ಧಾಟಿಗೆ ಉಳಿದವರು ವಾಲುವುದೂ ತಪ್ಪುತ್ತದೆ.

ಈಗ ಬಾಣಗಳು. ಕೆಲಸದ ಹೊರೆ ಹೆಚ್ಚಿದರೆ ಕೆಲಸ ಬಿಡುವವರು ಹೆಚ್ಚುತ್ತಾರೆ. ಬಿಡುವವರು ಹೆಚ್ಚಿದರೆ ವಾರ್ಡಿನಲ್ಲಿ ಉಳಿದ ನರ್ಸ್‌ಗಳ ಸಂಖ್ಯೆ ತಗ್ಗುತ್ತದೆ. ಅದು ತಗ್ಗಿದರೆ ಉಳಿದವರ ಹೊರೆ ಇನ್ನೂ ಹೆಚ್ಚುತ್ತದೆ. ಬಾಣ ಹೊರಟ ಜಾಗಕ್ಕೇ ಬಂದು ಸೇರಿತು. ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಸುತ್ತು. ನೇಮಕಾತಿ ವಿಭಾಗದವರು ಆಗ, “ಹೊರೆ ಹೆಚ್ಚಾದಾಗಲೆಲ್ಲ ಹೊಸಬರನ್ನು ತೆಗೆದುಕೊಳ್ಳುತ್ತಲೇ ಇದ್ದೇವಲ್ಲ” ಎನ್ನುತ್ತಾರೆ. ಸರಿ, ಅದನ್ನೂ ಬರೆಯಿರಿ: ಹೊರೆಯಿಂದ ನೇಮಕಾತಿಗೆ, ನೇಮಕಾತಿಯಿಂದ ನರ್ಸ್‌ಗಳ ಸಂಖ್ಯೆಗೆ, ಅಲ್ಲಿಂದ ಹೊರೆ ತಗ್ಗುವುದಕ್ಕೆ. ಇದು ಸರಿತೂಗಿಸುವ ಸುತ್ತು. ಹಾಗಿದ್ದರೆ ಸಮಸ್ಯೆ ಏಕೆ ನಿಂತಿಲ್ಲ? ಅಲ್ಲಿಯವರೆಗೆ ಸುಮ್ಮನಿದ್ದ ಹಿರಿಯ ನರ್ಸ್ ಒಬ್ಬರು ಹೊಸಬರಿಗೆ ಕೆಲಸ ಕಲಿಸುವವರು ಯಾರು ಎಂದು ಕೇಳುತ್ತಾರೆ. ನೇಮಕಾತಿ ಹೆಚ್ಚಿದಷ್ಟೂ ಹಿರಿಯರು ಕಲಿಸಲು ಕೊಡಬೇಕಾದ ಸಮಯ ಹೆಚ್ಚುತ್ತದೆ, ಅದು ಅವರ ಹೊರೆಯನ್ನೇ ಏರಿಸುತ್ತದೆ; ಹೊಸಬರು ಪಳಗಿ ನೆರವಾಗುವುದಕ್ಕೆ ತಿಂಗಳುಗಳು ಬೇಕು, ಹಿರಿಯರು ರಾಜೀನಾಮೆ ಕೊಡುವುದಕ್ಕೆ ಅಷ್ಟು ಕಾಲ ಬೇಕಾಗುವುದಿಲ್ಲ. ಮದ್ದು ಎಂದುಕೊಂಡದ್ದೇ ಕೆಲಕಾಲ ರೋಗವನ್ನು ಉಲ್ಬಣಿಸುತ್ತದೆ ಎಂಬುದನ್ನು ನೇಮಕಾತಿಯವರು ಬಹುಶಃ ಮೊದಲ ಸಲ ಕಾಣುತ್ತಾರೆ. ಹಿರಿಯ ನರ್ಸ್‌ಗೆ ಅದು ಮೊದಲೇ ಗೊತ್ತಿತ್ತು, ಆದರೆ ಅದನ್ನು ಇಡುವುದಕ್ಕೆ ಒಂದು ಜಾಗವಿರಲಿಲ್ಲ.

ಇಂಥ ತಡವಿರುವ ಬಾಣದ ಮೇಲೆ ಎರಡು ಅಡ್ಡಗೆರೆ ಎಳೆಯುವುದು ರೂಢಿ. ಆ ಅಡ್ಡಗೆರೆಗಳು ಇರುವ ಕಡೆ ಹೆಚ್ಚು ಹೊತ್ತು ನಿಲ್ಲಿ.

ಚೀಟಿಯ ಮೇಲೆ ಏನು ಬರೆಯಬೇಕು? ಚಿಹ್ನೆಗಳ ಅರ್ಥವೇನು?

ಹೆಚ್ಚಾಗಬಲ್ಲ, ಕಡಿಮೆಯಾಗಬಲ್ಲ ಸಂಗತಿಯ ಹೆಸರನ್ನು ಬರೆಯಬೇಕು. “ಕೆಲಸದ ಹೊರೆ” ಸರಿ. “ಹೊರೆ ವಿಪರೀತವಾಗಿದೆ” ಎಂದು ಬರೆದರೆ ಅದು ಆಗಲೇ ತೀರ್ಪಾಯಿತು, ಅದರ ಮೇಲೆ ಬಾಣ ನಿಲ್ಲುವುದಿಲ್ಲ. “ಕೊರತೆ” ಎಂಬ ಪದದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. “ತರಬೇತಿಯ ಕೊರತೆ” ಎಂದು ಬರೆದವರು ಕಾರಣವನ್ನು ಬರೆದಿಲ್ಲ, ತಮ್ಮ ಮೆಚ್ಚಿನ ಪರಿಹಾರವನ್ನು ತಲೆಕೆಳಗು ಮಾಡಿ ಬರೆದಿದ್ದಾರೆ. “ತರಬೇತಿ ಇಲ್ಲದ್ದರಿಂದ ಏನಾಗುತ್ತಿದೆ?” ಎಂದು ಕೇಳಿದರೆ ಬರಬೇಕಾದ ಚೀಟಿ ಬರುತ್ತದೆ.

ಬಾಣದ ಮೇಲೆ ಕೂಡುವ ಚಿಹ್ನೆ (+) ಇದ್ದರೆ ಅದರ ಎರಡು ತುದಿಗಳೂ ಒಂದೇ ದಿಕ್ಕಿನಲ್ಲಿ ಏರಿಳಿಯುತ್ತವೆ ಎಂದರ್ಥ, ಕಳೆಯುವ ಚಿಹ್ನೆ ಇದ್ದರೆ ವಿರುದ್ಧ ದಿಕ್ಕಿನಲ್ಲಿ. ಚಿಹ್ನೆಗಳಿಗೂ ಒಳಿತು ಕೆಡುಕಿಗೂ ಸಂಬಂಧವಿಲ್ಲ ಎಂಬುದನ್ನು ಮೂರು ಸಲವಾದರೂ ಹೇಳಬೇಕಾಗುತ್ತದೆ. ಒಂದು ಸುತ್ತಿನಲ್ಲಿ ಕಳೆಯುವ ಚಿಹ್ನೆಗಳ ಎಣಿಕೆ ಸಮಸಂಖ್ಯೆಯಾಗಿದ್ದರೆ, ಅಥವಾ ಅವು ಇಲ್ಲವೇ ಇಲ್ಲದಿದ್ದರೆ, ಅದು ಬೆಳೆಸುವ ಸುತ್ತು; ಬೆಸಸಂಖ್ಯೆಯಾಗಿದ್ದರೆ ಸರಿತೂಗಿಸುವ ಸುತ್ತು. ಮೇಲಿನ ಉದಾಹರಣೆಯ ಮೊದಲ ಸುತ್ತಿನಲ್ಲಿ ಅವು ಎರಡು, ಎರಡನೆಯದರಲ್ಲಿ ಒಂದು.

ಒಬ್ಬರು ಎಳೆದ ಬಾಣವನ್ನು ಇನ್ನೊಬ್ಬರು ಒಪ್ಪದಿದ್ದರೆ?

ಈ ಅಭ್ಯಾಸಕ್ಕೆ ಅರ್ಥ ಬರುವುದೇ ಆ ಗಳಿಗೆಯಲ್ಲಿ. ಎಲ್ಲರೂ ಬೇಗ ಬೇಗ ಒಪ್ಪುತ್ತ ಒಂದು ಗಂಟೆಯಲ್ಲಿ ಅಚ್ಚುಕಟ್ಟಾಗಿ ಮುಗಿಸಿದ ನಕ್ಷೆಯನ್ನು ಕಂಡರೆ ನನಗೆ ಅನುಮಾನ. ಅಲ್ಲಿ ಯಾರೂ ಹೊಸದೇನನ್ನೂ ಕೇಳಿಸಿಕೊಂಡಿರುವುದಿಲ್ಲ.

ಮಾಡಬೇಕಾದದ್ದು ಇಷ್ಟು. ಬಾಣ ಎಳೆದವರು ಅದನ್ನು ಪೂರ್ಣ ವಾಕ್ಯವಾಗಿ ಹೇಳಲಿ: ಇದು ಹೆಚ್ಚಿದಾಗ ಅದು ಹೇಗೆ, ಯಾರ ಮೂಲಕ, ಎಷ್ಟು ಕಾಲದಲ್ಲಿ ಹೆಚ್ಚುತ್ತದೆ? ಹಾಗೆ ಹೇಳುವಾಗ ಬಹಳ ಸಲ ನಡುವೆ ಬಿಟ್ಟುಹೋದ ಒಂದು ಕೊಂಡಿ ಸಿಗುತ್ತದೆ. “ಸಂಬಳ ಕಡಿಮೆಯಾದ್ದರಿಂದ ಬಿಡುತ್ತಾರೆ” ಎಂದವರೂ “ಸಂಬಳಕ್ಕೂ ಇದಕ್ಕೂ ಸಂಬಂಧವಿಲ್ಲ” ಎಂದವರೂ, ಪಾಳಿ ಮುಗಿದ ಮೇಲೆ ನಿಂತು ಮಾಡಿದ ಕೆಲಸಕ್ಕೆ ಲೆಕ್ಕವಿಲ್ಲ ಎಂಬ ನಡುವಿನ ಚೀಟಿ ಬಂದ ಕೂಡಲೆ ಇಬ್ಬರೂ ತಲೆದೂಗಬಹುದು. ಹಾಗಾಗದಿದ್ದರೆ ಎರಡೂ ಅಭಿಪ್ರಾಯಗಳನ್ನು ಬೇರೆ ಬೇರೆ ಬಣ್ಣದಲ್ಲಿ ಉಳಿಸಿಕೊಂಡು, ಯಾವ ಮಾಹಿತಿ ದೊರೆತರೆ ಇದು ತೀರ್ಮಾನವಾದೀತು ಎಂದು ಪಕ್ಕದಲ್ಲಿ ಬರೆದಿಡಿ. ಮತ ಹಾಕಿಸಿ ಬಾಣದ ದಿಕ್ಕನ್ನು ನಿರ್ಧರಿಸಬೇಡಿ.

ಮೇಲಧಿಕಾರಿಗಳು ಕೋಣೆಯಲ್ಲಿದ್ದರೆ ಜನ ಮಾತಾಡುತ್ತಾರೆಯೆ?

ಕಷ್ಟ. ಮೌನ ಬರಹ ಸ್ವಲ್ಪ ನೆರವಾಗುತ್ತದೆ, ಎಲ್ಲರಿಗೂ ಒಂದೇ ಬಣ್ಣದ ಚೀಟಿ ಕೊಡುವುದೂ ನೆರವಾಗುತ್ತದೆ. ಅಧಿಕಾರಿ ಕೊನೆಗೆ ಮಾತಾಡುವುದೆಂದು ಮುಂಚೆಯೇ ಅವರೊಡನೆ ಗೊತ್ತುಮಾಡಿಕೊಳ್ಳಿ. ಅದಕ್ಕೂ ಒಪ್ಪದವರಾದರೆ ಅವರಿಲ್ಲದೆ ಒಂದು ಸಭೆ ಮುಗಿಸಿ, ನಕ್ಷೆಯನ್ನು ಅವರಿಗೆ ಆಮೇಲೆ ತೋರಿಸಿ. ಯಾವ ಚೀಟಿ ಯಾರದೆಂದು ಹೇಳುವ ಅಗತ್ಯವಿಲ್ಲ.

ಸಭೆಯನ್ನು ನಡೆಸಿಕೊಡುವ ಸುಗಮಕಾರರು ವಿಷಯ ಬಲ್ಲವರಾಗಿರಬೇಕೆ?

ವಿಷಯದ ಪರಿಚಯವಿದ್ದರೆ ಸಾಕು, ಪಾಂಡಿತ್ಯ ತೊಡಕಾಗುವುದುಂಟು. ತಿಳಿದವರಿಗೆ ದಡ್ಡ ಪ್ರಶ್ನೆ ಕೇಳುವುದು ಕಷ್ಟ, ಇಲ್ಲಿ ಬೇಕಾದದ್ದು ಅದೇ. ಸಾಧ್ಯವಿದ್ದರೆ ಇಬ್ಬರಿರಲಿ: ಒಬ್ಬರು ಮಾತು ನಡೆಸಲಿ, ಇನ್ನೊಬ್ಬರು ಬರೆಯಲಿ. ಬರೆಯುವವರು ಆಡಿದವರ ಪದವನ್ನೇ ಬರೆಯಬೇಕು. “ಸುಸ್ತು” ಎಂದದ್ದನ್ನು “ಮಾನವ ಸಂಪನ್ಮೂಲದ ಬಳಲಿಕೆ” ಎಂದು ತಿದ್ದಿದರೆ ಆ ಚೀಟಿ ಅವರದಾಗಿ ಉಳಿಯುವುದಿಲ್ಲ.

ನಕ್ಷೆ ಗೋಜಲಾಗಿ ಏನೂ ಅರ್ಥವಾಗದಂತಾದರೆ?

ಒಂದು ಹಂತದಲ್ಲಿ ಹಾಗಾಗುವುದು ಸಹಜ. ಆದರೆ ಹಾಗೆಯೇ ಹೊರಗೆ ತೋರಿಸಿದರೆ ಏನಾಗುತ್ತದೆ ಎಂಬುದಕ್ಕೆ ಅಫ್ಘಾನಿಸ್ತಾನದ ಯುದ್ಧದ ನಕ್ಷೆ ಹೆಸರಾಗಿದೆ. ಅಮೆರಿಕದ ಸೇನೆಗಾಗಿ ತಯಾರಿಸಿದ, ನೂರಾರು ಗೆರೆಗಳು ಹಾವುಗಳ ರಾಶಿಯಂತೆ ಹೆಣೆದುಕೊಂಡಿದ್ದ ಆ ಚಿತ್ರವನ್ನು ಕಂಡ, ಆಗ ಅಲ್ಲಿನ ಪಡೆಗಳ ದಂಡನಾಯಕರಾಗಿದ್ದ ಜನರಲ್ ಮೆಕ್‌ಕ್ರಿಸ್ಟಲ್, ಇದು ಅರ್ಥವಾದ ದಿನ ಯುದ್ಧ ಗೆದ್ದಂತೆಯೇ ಎಂಬರ್ಥದಲ್ಲಿ ಚಟಾಕಿ ಹಾರಿಸಿದ್ದು 2010ರಲ್ಲಿ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ನಕ್ಷೆಯಲ್ಲಿ ತಪ್ಪಿತ್ತೆಂದಲ್ಲ. ಬರೆಯುವಾಗ ಕೂತವರಿಗೆ ಅದು ಹಂತಹಂತವಾಗಿ ಬೆಳೆದು ಕಂಡಿರುತ್ತದೆ. ನೋಡಬಂದವರಿಗೆ ಎಲ್ಲವೂ ಒಮ್ಮೆಲೇ ಕಣ್ಣಿಗೆ ಬೀಳುತ್ತದೆ.

ಬ್ರಿಟನ್ ಸರ್ಕಾರದ ಮುನ್ನೋಟ ಕಾರ್ಯಕ್ರಮವು 2007ರಲ್ಲಿ ಪ್ರಕಟಿಸಿದ ಬೊಜ್ಜಿನ ಸಮಸ್ಯೆಯ ನಕ್ಷೆಯೂ ಚಿಕ್ಕದೇನಲ್ಲ, ಅದರಲ್ಲಿ 108 ಅಂಶಗಳಿವೆ. ಆದರೆ ಅವನ್ನು ಆಹಾರ ಉತ್ಪಾದನೆ, ಆಹಾರ ಸೇವನೆ, ವ್ಯಕ್ತಿಯ ಮನೋಭಾವ, ದೇಹಧರ್ಮ ಮುಂತಾದ ಏಳು ಬಡಾವಣೆಗಳಾಗಿ ವಿಂಗಡಿಸಿ, ಒಂದೊಂದನ್ನೇ ನೋಡಲು ಬರುವಂತೆ ಮಾಡಿದ್ದರು. ನಿಮ್ಮ ನಕ್ಷೆಗೂ ಅದೇ ದಾರಿ: ಪೂರ್ಣ ನಕ್ಷೆ ಗುಂಪಿನೊಳಗೆ ಇರಲಿ, ಹೊರಗಿನವರಿಗೆ ಒಂದೊಂದೇ ಸುತ್ತನ್ನು ಕತೆಯ ಹಾಗೆ ಬಿಡಿಸಿ ಹೇಳಿ. ಒಂದೇ ಬಾಣ ಬರುವ, ಯಾವುದೂ ಹೊರಹೋಗದ ಚೀಟಿಗಳನ್ನು ಬದಿಗಿಡಬಹುದು.

ನಕ್ಷೆಯಲ್ಲಿ ಬಂದದ್ದೆಲ್ಲ ನಿಜವೆಂದು ನಂಬಬಹುದೆ?

ನಂಬಬಾರದು. ಹತ್ತು ಜನ ಒಪ್ಪಿದ ಮಾತ್ರಕ್ಕೆ ಒಂದು ಕಾರಣ ಕಾರಣವಾಗುವುದಿಲ್ಲ. ದಾಖಲೆಯೋ ಅಂಕಿಅಂಶವೋ ಇರುವ ಬಾಣವನ್ನು ಗಟ್ಟಿ ಗೆರೆಯಲ್ಲಿ, ಅನುಭವದಿಂದ ಹೇಳಿದ್ದನ್ನು ಚುಕ್ಕಿ ಗೆರೆಯಲ್ಲಿ ಬರೆದರೆ ಎಷ್ಟು ಭಾಗ ಊಹೆಯ ಮೇಲೆ ನಿಂತಿದೆ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಸುತ್ತಿನ ನಡುವೆ ಇರುವ ಚುಕ್ಕಿ ಬಾಣಗಳನ್ನು ಮೊದಲು ಪರೀಕ್ಷಿಸಿ, ಅಂಚಿನಲ್ಲಿರುವವು ಕಾಯಬಹುದು.

ಇನ್ನೊಂದು ಮಿತಿಯಿದೆ. ಬಾಣ ದಿಕ್ಕನ್ನು ಹೇಳುತ್ತದೆ. ಎಷ್ಟು, ಯಾವಾಗ ಎಂಬುದನ್ನು ಹೇಳುವುದಿಲ್ಲ. ಎರಡು ಸುತ್ತುಗಳು ಎದುರುಬದುರಾಗಿ ಎಳೆದಾಡುವಾಗ ಯಾವುದು ಗೆಲ್ಲುತ್ತದೆ ಎಂಬುದನ್ನು ಚಿತ್ರ ನೋಡಿ ಊಹಿಸಲಾಗದು. ಅದಕ್ಕೆ ಅಂಕಿಗಳನ್ನು ತುಂಬಿ ಕಂಪ್ಯೂಟರಿನಲ್ಲಿ ಓಡಿಸುವ ಮಾದರಿ ಬೇಕು. ಆ ಮಾದರಿಯನ್ನೂ ಪರಿಣತರಿಗೇ ಬಿಡದೆ ಗುಂಪಿನೊಡನೆ ಕೂತು ಕಟ್ಟುವ ಪದ್ಧತಿಯನ್ನು ನೆದರ್‌ಲೆಂಡ್ಸಿನ ಯಾಕ್ ವೆನಿಕ್ಸ್, ಅಮೆರಿಕದ ಡೇವಿಡ್ ಆ್ಯಂಡರ್‌ಸನ್, ಜಾರ್ಜ್ ರಿಚರ್ಡ್‌ಸನ್ ಮೊದಲಾದವರು ಬೆಳೆಸಿದ್ದಾರೆ. ಅದು ಅರ್ಧ ದಿನದ ಕೆಲಸವಲ್ಲ.

ನಕ್ಷೆ ಮುಗಿದ ಮೇಲೆ ಎಲ್ಲಿ ಕೈ ಹಾಕಬೇಕು?

ಹೆಚ್ಚು ಬಾಣಗಳು ಕೂಡಿದ ಚೀಟಿಯೇ ಸರಿಯಾದ ಜಾಗ ಎಂಬ ಭ್ರಮೆ ಸಾಮಾನ್ಯ. ಅದು ಬಹುತೇಕ ಸಮಸ್ಯೆಯ ಹೆಸರೇ ಆಗಿರುತ್ತದೆ, ಎಲ್ಲರೂ ಅದಕ್ಕೇ ಬಾಣ ಎಳೆದಿರುತ್ತಾರೆ. ವ್ಯವಸ್ಥೆಗಳ ಚಿಂತಕಿ ಡೊನೆಲ್ಲಾ ಮೆಡೋಸ್ 1999ರಲ್ಲಿ ವ್ಯವಸ್ಥೆಯೊಂದರಲ್ಲಿ ಕೈ ಹಾಕಬಹುದಾದ ಹನ್ನೆರಡು ಬಗೆಯ ಜಾಗಗಳನ್ನು ಬಲದ ಕ್ರಮದಲ್ಲಿ ಪಟ್ಟಿಮಾಡಿದರು. ನಾವು ಸಾಮಾನ್ಯವಾಗಿ ಗುದ್ದಾಡುವ ದರ, ಮಿತಿ, ಅನುದಾನದಂಥ ಅಂಕಿಗಳು ಅದರಲ್ಲಿ ಕಟ್ಟಕಡೆಗಿವೆ; ಮಾಹಿತಿ ಯಾರಿಗೆ ತಲುಪುತ್ತದೆ, ನಿಯಮವನ್ನು ಯಾರು ಮಾಡುತ್ತಾರೆ, ವ್ಯವಸ್ಥೆಯ ಗುರಿಯೇನು ಎಂಬಂಥವು ಮೇಲಿವೆ. ವಾರ್ಡಿನ ಉದಾಹರಣೆಯಲ್ಲಿ ಇನ್ನಷ್ಟು ಜನರನ್ನು ನೇಮಿಸುವುದು ಅಂಕಿಯ ಬದಲಾವಣೆ. ಕಲಿಸುವ ಗಂಟೆಗಳನ್ನು ಕೆಲಸದ ಗಂಟೆಗಳೆಂದೇ ಎಣಿಸಿ ಆ ಹೊತ್ತಿಗೆ ರೋಗಿಗಳ ಹೊಣೆ ಕಡಿಮೆ ಮಾಡುವುದು ನಿಯಮದ ಬದಲಾವಣೆ, ಬೆಳೆಸುವ ಸುತ್ತನ್ನು ಅದು ಬುಡದಲ್ಲೇ ಸಡಿಲಿಸುತ್ತದೆ. ಯಾವ ಜಾಗವನ್ನು ಆರಿಸಿದರೂ ಅಲ್ಲಿಂದ ಹೊರಡುವ ಬಾಣಗಳನ್ನು ಬೆರಳಿಟ್ಟು ಕೊನೆಯವರೆಗೆ ಹಿಂಬಾಲಿಸಿ, ಬೇಡದ ಕಡೆಗೆ ಯಾವುದು ಹೋಗುತ್ತದೆ ಎಂದು ನೋಡಬೇಕು.

ಆನ್‌ಲೈನಿನಲ್ಲಿ ಮಾಡಬಹುದೆ?

ಮಾಡಬಹುದು. ಮಿರೊ, ಮ್ಯೂರಲ್‌ನಂಥ ಬಿಳಿಹಲಗೆಗಳು ಚೀಟಿ ಹಚ್ಚುವುದಕ್ಕೆ ಸಾಕು. ಸಂಬಂಧಗಳ ನಕ್ಷೆಗೆ ಕುಮು, ಅಂಕಿ ತುಂಬಿ ಓಡಿಸುವುದಕ್ಕೆ ವೆನ್‌ಸಿಮ್ ಎಂಬ ತಂತ್ರಾಂಶಗಳಿವೆ. ಒಂದೇ ಅವಧಿಗೆ ತೊಂಬತ್ತು ನಿಮಿಷ ಮೀರದಿರಲಿ. ಕಂಪ್ಯೂಟರಿನಲ್ಲಿ ಬರೆದದ್ದು ಬೇಗ ಚೊಕ್ಕವಾಗಿ ಕಾಣುವುದರಿಂದ ಜನ ಅದನ್ನು ತಿದ್ದಲು ಹಿಂಜರಿಯುತ್ತಾರೆ, ಆದ್ದರಿಂದ ಸಾಧ್ಯವಾದಷ್ಟು ಹೊತ್ತು ಅದನ್ನು ಒರಟಾಗಿಯೇ ಇಡಿ.

ಸಭೆಯ ನಂತರ ಹಾಳೆಯನ್ನು ಏನು ಮಾಡಬೇಕು?

ಅಂದೇ ಫೋಟೋ ತೆಗೆಯಿರಿ, ಚೀಟಿಗಳ ಅಂಟು ರಾತ್ರಿಯವರೆಗೆ ನಿಲ್ಲುವುದಿಲ್ಲ. ವಾರದೊಳಗೆ ಶುದ್ಧಪ್ರತಿಯನ್ನೂ ಒಂದೊಂದು ಸುತ್ತಿನ ಬಗ್ಗೆ ನಾಲ್ಕು ಸಾಲಿನ ವಿವರಣೆಯನ್ನೂ ಬಂದಿದ್ದ ಎಲ್ಲರಿಗೂ ಕಳಿಸಿ, ತಮ್ಮ ಮಾತು ತಿರುಚಿಹೋಗಿದ್ದರೆ ತಿಳಿಸಲು ಕೇಳಿ. ಶುದ್ಧಪ್ರತಿ ಮಾಡುವಾಗ ವಿವಾದದಲ್ಲೇ ಉಳಿದ ಬಾಣಗಳನ್ನು ಅಂದಕ್ಕಾಗಿ ಅಳಿಸಬೇಡಿ. ಆರು ತಿಂಗಳ ನಂತರ ಅದೇ ಜನರನ್ನು ಮತ್ತೆ ಕೂಡಿಸಿದಾಗ ಮೊದಲು ತೆರೆಯಬೇಕಾದದ್ದು ಆ ಬಾಣಗಳನ್ನೇ.